ತಾತನ ಮನೆಯ ಗಾಜು

ಗುಜರಿಯವರು ತಕ್ಕಡಿ ಹಿಡಿದುಕೊಂಡೇ ಬಂದಿದ್ದರು. ಹಿತ್ತಾಳೆ ಹಂಡೆ, ತಾಮ್ರದ ಕೊಳಗ, ಕಬ್ಬಿಣದ ಮಂಚ ಎಲ್ಲಕ್ಕೂ ಕೆಜಿ ಲೆಕ್ಕದಲ್ಲಿ ಬೆಲೆ ಹೇಳಿದರು. ಕೊನೆಗೆ ಅಟ್ಟದಿಂದ ಇಳಿಸಿದ ಮರದ ಪೆಟ್ಟಿಗೆ ತೆರೆದು ನೋಡಿ, "ಗಾಜಿಗೆ ಏನೂ ಬರಲ್ಲ ಅಕ್ಕ. ಬೇಕಾದ್ರೆ ಸುಮ್ನೆ ಹಾಕ್ಕೊಂಡು ಹೋಗ್ತೀನಿ" ಅಂದರು. ಮಾವ ಸರಿ ಅಂತ ತಲೆ ಆಡಿಸಿದರು. ನಾನು ಹೋಗಿ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅದೊಂದನ್ನು ಕೊಡಲು ಮನಸ್ಸು ಬರಲಿಲ್ಲ.

ಮನೆ ಇರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಅಮ್ಮನ ಅಪ್ಪ ಕಟ್ಟಿಸಿದ್ದು. ಕೆಂಪು ಗಾರೆ ನೆಲ, ಮದ್ರಾಸ್ ತಾರಸಿ, ಮುಂಬಾಗಿಲ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಕೆಂಪು, ಹಸಿರು, ಹಳದಿ ಗಾಜು. ಅಜ್ಜಿ ತೀರಿಕೊಂಡ ಮೇಲೆ ಆರು ವರ್ಷ ಬೀಗ ಬಿದ್ದಿತ್ತು. ನಾನು, ನಮ್ಮ ಯಜಮಾನರು ಬೆಂಗಳೂರು ಬಿಟ್ಟು ಅಮ್ಮನ ಜೊತೆ ಇಲ್ಲೇ ಇರೋಣ ಅಂತ ತೀರ್ಮಾನ ಮಾಡಿದಾಗ, ಮೊದಲು ಆದ ಕೆಲಸ ಅಟ್ಟ ಖಾಲಿ ಮಾಡುವುದು.

ಪೆಟ್ಟಿಗೆಯಲ್ಲಿ ಹಳೇ ಪೇಪರ್ ಸುತ್ತಿದ ಹನ್ನೊಂದು ಲೋಟಗಳಿದ್ದವು. ಹಳದಿಗೂ ಹಸಿರಿಗೂ ನಡುವಿನ ಬಣ್ಣದ ಒಂದು ಸಕ್ಕರೆ ಬಟ್ಟಲು, ಮುಚ್ಚಳ ಕಚ್ಚಿಕೊಂಡಿದ್ದ ಒಂದು ಭಾರದ ಡಿಕಾಂಟರ್ (ವೈನ್ ಸುರಿದಿಡುವ ಗಾಜಿನ ಹೂಜಿ), ಹಾಲಿನ ಬಣ್ಣದ ಶೇಡ್ ಇದ್ದ ಸೀಮೆಎಣ್ಣೆಯ ಮೇಜಿನ ದೀಪವೂ ಸಿಕ್ಕಿದವು. ಸ್ವಾತಂತ್ರ್ಯ ಬಂದ ವರ್ಷ ಊರಿಗೆ ಹೊರಟ ಒಬ್ಬ ಬ್ರಿಟಿಷ್ ದೊರೆಯ ಮನೆ ಸಾಮಾನು ಹರಾಜಾದಾಗ ತಾತ ಕೊಂಡು ತಂದರಂತೆ. ಹಿತ್ತಲ ಕೋಣೆಯಲ್ಲಿ ಸೌದೆಯ ಹಿಂದೆ ಬಿದ್ದಿದ್ದ ನಾಲ್ಕು ಬಾಗಿದ ಮರದ ಕುರ್ಚಿಗಳೂ ಅದೇ ಹರಾಜಿನವು. "ಆ ಲೋಟಗಳನ್ನ ನಾವು ಮುಟ್ಟೋ ಹಾಗೇ ಇರಲಿಲ್ಲ ಕಣೇ" ಅಂದರು ಅಮ್ಮ. "ದೊಡ್ಡ ಮನುಷ್ಯರು ಬಂದಾಗ ಮಾತ್ರ ಹೊರಗೆ ತೆಗೀತಿದ್ರು. ಮತ್ತೆ ಬೀರುವಿಗೆ ಹೋಗೋದು."

ಮೊದಲ ದಿನವೇ ನನ್ನ ಕೈಯಿಂದ ಒಂದು ಲೋಟ ಹೋಯಿತು. ಡಿಸೆಂಬರ್ ತಿಂಗಳ ಬೆಳಿಗ್ಗೆ, ಗಾಜು ತಣ್ಣಗಿತ್ತು. ಜಿಡ್ಡು ಹೋಗಲಿ ಅಂತ ಬಿಸಿನೀರು ಹಾಕಿದೆ. ಟಿಕ್ ಅಂತ ಸಣ್ಣ ಸದ್ದು. ಬಾಯಿಂದ ತಳದವರೆಗೆ ಒಂದು ಗೆರೆ ಇಳಿದಿತ್ತು. ಎಪ್ಪತ್ತು ವರ್ಷಕ್ಕೂ ಜಾಸ್ತಿ ಉಳಿದಿದ್ದ ಲೋಟ ಒಂದೇ ಕ್ಷಣದಲ್ಲಿ ಹೋಯಿತಲ್ಲ ಅಂತ ತುಂಬಾ ಸಂಕಟವಾಯಿತು. ಆ ಲೋಟವನ್ನು ಎಸೆದಿಲ್ಲ, ಈಗಲೂ ಇಟ್ಟಿದ್ದೇನೆ.

ಆಮೇಲೆ ತೊಳೆಯುವುದನ್ನು ನಿಧಾನವಾಗಿ ಕಲಿತೆ. ಪ್ಲಾಸ್ಟಿಕ್ ಟಬ್, ಅದರ ತಳಕ್ಕೆ ದಪ್ಪ ಟವೆಲ್, ಬೆರಳು ಅದ್ದಿದರೆ ಬಿಸಿಯೂ ಅನ್ನಿಸದ, ತಣ್ಣಗೂ ಅನ್ನಿಸದ ನೀರು, ಎರಡು ಹನಿ ಪಾತ್ರೆ ಸೋಪು. ಒಂದು ಸಲಕ್ಕೆ ಒಂದೇ ಲೋಟ. ಕೈಯಲ್ಲಿ ಉಂಗುರ, ಬಳೆ ಇರಬಾರದು. ತೊಳೆದಿದ್ದನ್ನು ಇನ್ನೊಂದು ಟವೆಲ್ ಮೇಲೆ ಬೋರಲು ಹಾಕಬೇಕು, ಆದರೆ ಒಂದಕ್ಕೊಂದು ತಾಗದ ಹಾಗೆ.

ಡಿಕಾಂಟರಿನ ಮುಚ್ಚಳಕ್ಕೆ ನಾಲ್ಕು ದಿನ ಹಿಡಿಯಿತು. ಸಂದಿನ ಸುತ್ತ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಹಗಲೆಲ್ಲ ಬೆಚ್ಚಗಿನ ಜಾಗದಲ್ಲಿ ಇಡುತ್ತಿದ್ದೆ. ಸಂಜೆ ಒಂದು ಸಲ ಮೆಲ್ಲಗೆ ತಿರುಗಿಸಿ ನೋಡುವುದು, ಬರದಿದ್ದರೆ ಬಿಟ್ಟುಬಿಡುವುದು. ಐದನೇ ದಿನ ತಾನಾಗಿ ಬಂತು. ಒಳಗೆ ನೀರಿನ ಕಲೆ ಬೆಳ್ಳಗೆ ಕಟ್ಟಿತ್ತು. ವಿನೆಗರ್, ಒಂದು ಹಿಡಿ ಅಕ್ಕಿ ಹಾಕಿ ಸುತ್ತಲೂ ತಿರುಗಿಸಿ, ರಾತ್ರಿಯಿಡೀ ಬಿಟ್ಟೆ. ಮುಕ್ಕಾಲು ಭಾಗ ಹೋಯಿತು. ಉಳಿದ ಮಂಜು ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಅದು ಕೊಳೆ ಅಲ್ಲ, ಗಾಜೇ ಸವೆದಿರುವುದು ಅಂತ ಆಮೇಲೆ ಗೊತ್ತಾಯಿತು. ವರ್ಷಗಟ್ಟಲೆ ಒಳಗೆ ತೇವ ನಿಂತರೆ ಗಾಜಿನೊಳಗಿನ ಕ್ಷಾರ ಹೊರಬಂದು ಮೈ ಮಾಸುತ್ತದೆ. ಹಾಗಾಗಿ ಈಗ ಯಾವ ಗಾಜನ್ನೂ ಪೂರ್ತಿ ಒಣಗಿಸದೆ ಮುಚ್ಚಳ ಹಾಕುವುದಿಲ್ಲ.

ತೊಳೆಯುತ್ತಾ ತೊಳೆಯುತ್ತಾ ಕೈಗೆ ವ್ಯತ್ಯಾಸ ಗೊತ್ತಾಗತೊಡಗಿತು. ಲೋಟಗಳ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಎರಡು ಸಣ್ಣ ಗೆರೆ ಬೆರಳಿಗೆ ತಾಗುತ್ತವೆ. ಅಚ್ಚಿನಲ್ಲಿ ಒತ್ತಿ ಮಾಡಿದ ಗಾಜು ಅದು, ಅಚ್ಚಿನ ಎರಡು ಹೋಳು ಸೇರಿದ ಜಾಗ. ಡಿಕಾಂಟರಿನಲ್ಲಿ ಆ ಗೆರೆ ಇಲ್ಲ. ಬದಲಿಗೆ ತಳದ ನಡುವೆ ಹೊಕ್ಕುಳಿನ ಹಾಗೆ ಒಂದು ಗುರುತಿದೆ. ಊದಿ ಮಾಡಿದ ಗಾಜನ್ನು ಕಬ್ಬಿಣದ ಕೋಲಿನಿಂದ ಬಿಡಿಸಿದ ಕಲೆ. ಲೋಟವನ್ನು ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ, ಅಷ್ಟೇ. ಡಿಕಾಂಟರನ್ನು ತಟ್ಟಿದರೆ ಗಂಟೆಯ ಹಾಗೆ ಸದ್ದು ಎಳೆದುಕೊಂಡು ಹೋಗುತ್ತದೆ. ಅದು ಸೀಸ ಬೆರೆಸಿದ ಗಾಜು. ಈಗಿನ ಯುರೋಪಿನ ನಿಯಮದ ಪ್ರಕಾರ ಗಾಜಿನಲ್ಲಿ ಕನಿಷ್ಠ 24 ಶೇಕಡಾ ಸೀಸದ ಆಕ್ಸೈಡ್ ಇದ್ದರೆ ಮಾತ್ರ ಅದನ್ನು ಲೆಡ್ ಕ್ರಿಸ್ಟಲ್ ಅನ್ನಬಹುದು. ಭಾರ, ಹೊಳಪು, ಆ ಸದ್ದು ಎಲ್ಲ ಸೀಸದಿಂದಲೇ. ಅದೇ ಕಾರಣಕ್ಕೆ ಅದರಲ್ಲಿ ಶರಬತ್ತು, ಉಪ್ಪಿನಕಾಯಿ, ಹುಳಿ ಇರುವ ಯಾವುದನ್ನೂ ತುಂಬಿ ಇಡಬಾರದು. ಸೀಸ ನಿಧಾನವಾಗಿ ಅದರೊಳಗೆ ಇಳಿಯುತ್ತದೆ. ನಮ್ಮ ಡಿಕಾಂಟರ್ ನೋಡುವುದಕ್ಕೆ ಮಾತ್ರ.

ಒಂದು ಲೋಟದ ತಳದಲ್ಲಿ ಮಸುಕಾಗಿ 'ಮೇಡ್ ಇನ್ ಚೆಕೊಸ್ಲೊವಾಕಿಯಾ' ಅಂತ ಒಂದು ಗುಂಡು ಮುದ್ರೆ ಇತ್ತು. ಆ ದೇಶ ಹುಟ್ಟಿದ್ದು 1918ರಲ್ಲಿ. ಹಾಗಾದರೆ ಲೋಟಗಳು ಅದಕ್ಕಿಂತ ಹಳೆಯವಲ್ಲ, ಹರಾಜಾದ 1947ಕ್ಕಿಂತ ಹೊಸವೂ ಅಲ್ಲ. ಒಂದು ಮುದ್ರೆಯಿಂದ ಇಷ್ಟು ಗೊತ್ತಾಗುತ್ತದಲ್ಲ ಅಂತ ಅವತ್ತು ತುಂಬಾ ಖುಷಿಯಾಯಿತು. ಆಗ ಆ ದೇಶದಲ್ಲಿದ್ದ, ಈಗ ಚೆಕ್ ಗಣರಾಜ್ಯದಲ್ಲಿರುವ ಬೊಹೀಮಿಯಾ ಸೀಮೆ ಶತಮಾನಗಳಿಂದ ಗಾಜಿಗೆ ಹೆಸರು. ಅಲ್ಲಿನ ಯಾಬ್ಲೊನೆಟ್ಸ್ ಊರಿನ ಗಾಜಿನ ಬಳೆಗಳನ್ನು ಒಂದು ಕಾಲದಲ್ಲಿ ನಮ್ಮ ದೇಶದ ಹೆಂಗಸರೂ ತೊಡುತ್ತಿದ್ದರು.

ಸಕ್ಕರೆ ಬಟ್ಟಲಿನ ಗುಟ್ಟು ಬಿಚ್ಚಿದ್ದು ರಾತ್ರಿ. ನಕಲಿ ನೋಟು ನೋಡುವ ನೇರಳೆ ಟಾರ್ಚ್ ಮನೆಯಲ್ಲಿತ್ತು. ದೀಪ ಆರಿಸಿ ಬಟ್ಟಲಿನ ಮೇಲೆ ಬೆಳಕು ಬಿಟ್ಟೆ. ಮಿಂಚುಹುಳದ ಹಾಗೆ ಹಸಿರಾಗಿ ಹೊತ್ತಿಕೊಂಡಿತು! ಅಂಚಿನ ಒಂದೊಂದು ಹಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಬಣ್ಣಕ್ಕೆ ಅಂತ ಯುರೇನಿಯಂ ಬೆರೆಸಿದ ಗಾಜು ಅದು. ಬೊಹೀಮಿಯಾದ ರೀಡೆಲ್ ಅನ್ನುವ ಗಾಜಿನ ಮನೆತನದವರು 1830ರ ದಶಕದಲ್ಲಿ ಈ ಹಳದಿಗೂ ಹಸಿರಿಗೂ ತಮ್ಮ ಮನೆಯ ಅನ್ನಾ ಅವರ ಹೆಸರಿಟ್ಟಿದ್ದರು. ಅಮ್ಮನಿಗೆ ಯುರೇನಿಯಂ ಅಂದ ಕೂಡಲೇ ಭಯ. ಬೆರೆಸುತ್ತಿದ್ದ ಪ್ರಮಾಣ ಸಾಮಾನ್ಯವಾಗಿ ತೀರಾ ಕಡಿಮೆ, ಗೂಡಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ ಅಂತ ಸಮಾಧಾನ ಮಾಡಿದೆ. ತಿನ್ನುವುದಕ್ಕೆ ಮಾತ್ರ ಅದನ್ನು ಬಳಸುತ್ತಿಲ್ಲ.

ಕುರ್ಚಿಗಳ ಕಥೆ ಬೇರೆ. ನಾಲ್ಕಕ್ಕೂ ಕೂರುವ ಜಾಗದ ಬೆತ್ತ ಹರಿದು ಜೋತಾಡುತ್ತಿತ್ತು. ಮೇಲೆ ಯಾರೋ ಕಂದು ಬಣ್ಣದ ಪೇಂಟ್ ಬಳಿದಿದ್ದರು. ತಿರುಗಿಸಿ, ಚೌಕಟ್ಟಿನ ಒಳಬದಿ ಒರೆಸಿದಾಗ 'ಜೆ. ಅಂಡ್ ಜೆ. ಕೊಹ್ನ್' ಅಂತ ಒತ್ತಿದ ಅಕ್ಷರ ಕಂಡಿತು. ವಿಯೆನ್ನಾದ ಕಂಪನಿ. ಬೀಚ್ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿ, ಅಚ್ಚಿಗೆ ಬಗ್ಗಿಸಿ ಕುರ್ಚಿ ಮಾಡುವ ವಿದ್ಯೆಯನ್ನು ಬೆಳೆಸಿದ್ದು ಅದೇ ಊರಿನ ಮಿಖಾಯೆಲ್ ಥೋನೆಟ್. 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿಗೆ ಬರೀ ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಹಾಗಾಗಿಯೇ ಅವು ಹಡಗು ಹತ್ತಿ ಪ್ರಪಂಚದ ಮೂಲೆ ಮೂಲೆಗೂ ಹೋದವು. ಮುಂಬೈನ ಇರಾನಿ ಹೋಟೆಲುಗಳಲ್ಲಿ ನೋಡಿರುತ್ತೀರಿ ಅಲ್ವಾ, ಅದೇ ಜಾತಿ. 1869ರಲ್ಲಿ ಥೋನೆಟ್ ಅವರ ಪೇಟೆಂಟ್ ಮುಗಿದ ಮೇಲೆ ಇದೇ ಕೆಲಸಕ್ಕೆ ಇಳಿದವರಲ್ಲಿ ಕೊಹ್ನ್ ಕೂಡ ಒಬ್ಬರು.

ನಮ್ಮ ಆಚಾರ್ರು ತಿರುಪು ಬಿಚ್ಚಿ, ಸಡಿಲವಾದ ಕೀಲುಗಳನ್ನು ಸರಿ ಮಾಡಿ ಕೊಟ್ಟರು. ಹೊಸ ಮೊಳೆ ಮಾತ್ರ ಹೊಡೆಯಬೇಡಿ ಅಂತ ಕೇಳಿಕೊಂಡಿದ್ದೆ. ಬೆತ್ತ ಹೆಣೆಯುವವರು ಸಿಗುವುದೇ ಕಷ್ಟವಾಗಿತ್ತು. ಕೊನೆಗೆ ಹಳೇ ಸರ್ಕಾರಿ ಕಚೇರಿಗಳ ಕುರ್ಚಿ ಹೆಣೆಯುತ್ತಿದ್ದ, ಕಣ್ಣು ಪೂರ್ತಿ ಕಾಣದ ಒಬ್ಬ ಹಿರಿಯರು ಸಿಕ್ಕಿದರು. ಬೆತ್ತದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಅವುಗಳ ಮೇಲೆ ಇನ್ನೊಂದು ಸುತ್ತು, ಕೊನೆಗೆ ಎರಡು ಕಡೆಯಿಂದ ಓರೆಯಾಗಿ ಎಳೆಯುತ್ತಾರೆ. ಓರೆ ಎಳೆ ಬಿದ್ದ ಮೇಲೇ ಎಂಟು ಮೂಲೆಯ ಆ ಸಣ್ಣ ಕಿಂಡಿಗಳು ಮೂಡುವುದು. ಅವರು ಬೆರಳಿನಿಂದ ತೂತು ಹುಡುಕಿ, ಎಳೆ ತೂರಿಸಿ, ಸಣ್ಣ ಮರದ ಬೆಣೆ ಸಿಕ್ಕಿಸಿ ಬಿಗಿ ನಿಲ್ಲಿಸುತ್ತಿದ್ದರು. ಒಂದು ಕುರ್ಚಿಗೆ ಎರಡು ದಿನ, ₹1,800. ಹೋಗುವಾಗ ಒಂದು ಮಾತು ಹೇಳಿಕೊಟ್ಟರು: "ಕೂತು ಕೂತು ಜೋತು ಬಿದ್ರೆ, ಬೋರಲು ಹಾಕಿ ಅಡಿಯಿಂದ ಬಿಸಿನೀರಿನ ಬಟ್ಟೇಲಿ ಒರೆಸಿ ನೆರಳಲ್ಲಿ ಒಣಗಿಸು ತಾಯಿ. ಮತ್ತೆ ಬಿಗಿಯಾಗ್ತದೆ." ಒಂದು ಸಲ ಮಾಡಿ ನೋಡಿದ್ದೇನೆ. ಡೋಲಿನ ಹಾಗೆ ಬಿಗಿಯಾಯಿತು.

ಪಾಲಿಶ್ ಅಜ್ಜ ಬಂದದ್ದು ಜುಲೈನಲ್ಲಿ. ನನಗೆ ಅವಸರ. ಅವರು ಕುರ್ಚಿ ಮುಟ್ಟಲೇ ಇಲ್ಲ. ಆಕಾಶ ನೋಡಿ, "ಈಗ ಆಗಲ್ಲ ಕಣವ್ವ, ಬೆಳ್ಳಗೆ ಹೂವು ಏಳ್ತದೆ" ಅಂದರು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಮಳೆಗಾಲದ ತೇವ ಹಿಡಿದರೆ ಬಿಳಿಚಿಕೊಳ್ಳುತ್ತದೆ. ಅವರು ಅದಕ್ಕೆ ಹೂವು ಅನ್ನುತ್ತಾರೆ. ದಸರಾ ಮುಗಿದ ಮೇಲೆ ಬಂದರು. ಹಳೇ ಪೇಂಟ್ ತೆಗೆಯಲು ಮೂರು ದಿನ. ಆಮೇಲೆ ಬಟ್ಟೆ ಸುತ್ತಿದ ಹತ್ತಿಯ ಉಂಡೆಯನ್ನು ಅರಗಿನಲ್ಲಿ ಅದ್ದಿ, ಎಂಟರ ಅಂಕಿ ಬರೆದ ಹಾಗೆ ಕೈ ಆಡಿಸುತ್ತಾ ಹೋದರು. ಕೈ ಒಂದು ಕಡೆ ನಿಂತರೆ ಉಂಡೆ ಅಂಟಿ ಗುರುತು ಬೀಳುತ್ತದೆ. ದಿನಕ್ಕೆ ಎರಡು ಮೂರು ಸಲ, ಹೀಗೆ ಎಂಟು ದಿನ. ಕಂದು ಪೇಂಟಿನ ಅಡಿಯಿಂದ ಜೇನಿನ ಬಣ್ಣದ ಮರ ಮೇಲೆ ಬಂತು.

ಇಷ್ಟರಲ್ಲಿ ನನಗೆ ಕೊಳ್ಳುವ ಆಸೆಯೂ ಹುಟ್ಟಿತ್ತು. ಹಜಾರದ ಗೋಡೆಗೆ ಒಂದು ದೊಡ್ಡ ಕನ್ನಡಿ ಬೇಕು ಅನ್ನಿಸಿತು. ತಮಿಳುನಾಡಿನ ಕಾರೈಕುಡಿಗೆ ಹೋದೆವು. ಬರ್ಮಾದ ಜೊತೆ ವ್ಯಾಪಾರ ಮಾಡಿದ ಚೆಟ್ಟಿಯಾರರು ಅಲ್ಲಿನ ದೊಡ್ಡ ಮನೆಗಳಿಗೆ ಬರ್ಮಾ ತೇಗ, ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ ಎಲ್ಲ ತರಿಸಿದ್ದರು. ಆ ಮನೆಗಳಿಂದ ಹೊರಬಿದ್ದ ಸಾಮಾನು ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಲ್ಲಿ ಸಿಗುತ್ತದೆ. ಎನಾಮೆಲ್ ಡಬ್ಬಿ, ಗಡಿಯಾರ, ದೀಪದ ಹಂಡಿ, ಪಿಂಗಾಣಿ, ಬಾಗಿಲು, ಕಂಬ. ಒಂದು ದಿನ ಪೂರ್ತಿ ನೋಡುತ್ತಾ ಇರಬಹುದು. ಅಲ್ಲಿ ₹14,000ಕ್ಕೆ ತೇಗದ ಚೌಕಟ್ಟಿನ ಒಂದು ಕನ್ನಡಿ ಸಿಕ್ಕಿತು. ಅಂಚು ಇಳಿಜಾರಾಗಿ ಕೊರೆದದ್ದು. ಕೆಳಗಿನ ಮೂಲೆಯಲ್ಲಿ ಬೆಳ್ಳಿ ಎದ್ದು ಕಪ್ಪು ಚುಕ್ಕೆಗಳಾಗಿವೆ. ಹೊಸದಾಗಿ ಬೆಳ್ಳಿ ಹಾಕಿಸಿ ಅಂತ ಎಲ್ಲರೂ ಹೇಳಿದರು. ನಾನು ಹಾಕಿಸಲಿಲ್ಲ. ಆ ಚುಕ್ಕೆಗಳಿಂದಲೇ ಅದಕ್ಕೊಂದು ಮೃದುವಾದ ನೋಟ ಇದೆ. ಒಂದು ಎಚ್ಚರ ಮಾತ್ರ ಬೇಕು. 1835ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಬೆಳ್ಳಿಯ ವಿಧಾನ ಕಂಡುಹಿಡಿಯುವ ಮೊದಲು, ಆಮೇಲೂ ಎಷ್ಟೋ ವರ್ಷ, ಕನ್ನಡಿಯ ಹಿಂಬದಿಗೆ ತವರ, ಪಾದರಸ ಹಾಕುತ್ತಿದ್ದರು. ತೀರಾ ಹಳೇ ಕನ್ನಡಿ ಅನ್ನಿಸಿದರೆ ಹಿಂಬದಿ ಕೆರೆಯಲು ಹೋಗಬೇಡಿ.

ಮೋಸವೂ ಆಯಿತು. ಬೇರೆ ಊರಿನ ಒಂದು ಅಂಗಡಿಯಲ್ಲಿ ನೂರು ವರ್ಷದ್ದು ಅಂತ ಹೇಳಿ ಒಂದು ನೀಲಿ ತೂಗುದೀಪ ಕೊಟ್ಟರು. ಮನೆಗೆ ತಂದು ತೊಳೆದರೆ ಟವೆಲ್‌ಗೆ ನೀಲಿ ಇಳಿಯಿತು. ಬಣ್ಣ ಗಾಜಿನೊಳಗೆ ಇರಲೇ ಇಲ್ಲ, ಮೇಲೆ ಬಳಿದದ್ದು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಆಮೇಲಿಂದ ಬಟ್ಟಲು, ಲೋಟ, ಹೂಜಿ ಯಾವುದನ್ನು ಕೊಳ್ಳುವಾಗಲೂ ಮೊದಲು ತಳ ನೋಡುತ್ತೇನೆ. ಬಳಸಿದ ಗಾಜಿನ ತಳದಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ, ಒಂದೊಂದು ಒಂದೊಂದು ದಿಕ್ಕಿಗೆ. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಯಾರೋ ಮರಳುಕಾಗದ ಉಜ್ಜಿದ್ದಾರೆ ಅಂತ ಅನುಮಾನ ಪಡಬೇಕು.

ಎಲ್ಲ ಸೇರಿತು, ಆದರೆ ಮನೆ ಚೆನ್ನಾಗಿ ಕಾಣುತ್ತಿರಲಿಲ್ಲ. ನಾನು ಎಲ್ಲವನ್ನೂ ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿ, ಕುರ್ಚಿಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದೆ. ಯಾರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಆ ತಿಂಗಳು ನೆಂಟರನ್ನು ಕರೆದುಕೊಂಡು ಅರಮನೆಗೆ ಹೋಗಬೇಕಾಯಿತು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಕಟ್ಟಿ, 1912ರಲ್ಲಿ ಮುಗಿಸಿದ್ದು. ಕಲ್ಯಾಣ ಮಂಟಪದ ಛಾವಣಿಯಲ್ಲಿರುವ ನವಿಲಿನ ಚಿತ್ತಾರದ ಬಣ್ಣದ ಗಾಜು ಗ್ಲಾಸ್ಗೋದಿಂದ ಬಂದದ್ದು. ಎರಕದ ಕಬ್ಬಿಣದ ಆ ಕಂಬಗಳೂ ಅಲ್ಲಿಯವೇ. ಅವತ್ತು ನಾನು ಗಾಜು ನೋಡಲಿಲ್ಲ, ಅದರೊಳಗಿಂದ ಬೆಳಕು ಹೇಗೆ ಇಳಿಯುತ್ತಿದೆ ಅಂತ ನೋಡಿದೆ. ಗಾಜಿನ ಹಿಂದೆ ಬೆಳಕಿದೆ. ನನ್ನ ಬೀರುವಿನ ಹಿಂದೆ ಇರುವುದು ಗೋಡೆ.

ಮನೆಗೆ ಬಂದ ಸಂಜೆಯೇ ಬೀರು ಖಾಲಿ ಮಾಡಿದೆ.

ಹಜಾರದ ಪೂರ್ವದ ಕಿಟಕಿಗೆ ಮೂರು ಅಡ್ಡ ಗಾಜಿನ ಹಲಗೆ ಹಾಕಿಸಿದೆವು. ಕೋತಿಗಳ ಕಾಟ ಇರುವುದರಿಂದ ಹೊರಗೆ ಜಾಲರಿ. ಬಣ್ಣದ ಸಾಮಾನು ಎಲ್ಲ ಅಲ್ಲಿಗೆ ಬಂತು. ಹಸಿರು ಬಟ್ಟಲು, ಕಾರೈಕುಡಿಯಲ್ಲಿ ಕೊಸರಿಗೆ ಸಿಕ್ಕಿದ ಎರಡು ಕಂದು ಔಷಧದ ಬಾಟಲಿ, ಮುರಿದ ಒಂದು ಕೆಂಪು ಚಿಮಣಿ. ಬೆಳಿಗ್ಗೆ ಏಳೂವರೆಗೆ ಕೆಂಪು ಗಾರೆ ನೆಲದ ಮೇಲೆ ಹಸಿರು ಬೀಳುತ್ತದೆ. ಒಂಬತ್ತರ ಹೊತ್ತಿಗೆ ಜಾರಿ ಗೋಡೆ ಹತ್ತಿ ಮಾಯವಾಗುತ್ತದೆ. ಬಣ್ಣವಿಲ್ಲದ ಗಾಜನ್ನು ಮಾತ್ರ ಬಿಸಿಲಿಗೆ ಇಟ್ಟಿಲ್ಲ. ಗಾಜಿನ ಹಸಿರು ಛಾಯೆ ಕಳೆಯಲಿ ಅಂತ ಹಿಂದೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಗಾಜಿಗೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ನೇರಳೆಗೆ ತಿರುಗುತ್ತದೆ. ಗುಂಡನೆಯ ಗಾಜು, ನೀರು ತುಂಬಿದ ಹೂಜಿ ಇವನ್ನೂ ಅಲ್ಲಿ ಇಡುವುದಿಲ್ಲ. ಭೂತಗನ್ನಡಿಯ ಹಾಗೆ ಬಿಸಿಲು ಒಂದೇ ಕಡೆ ಕೂಡಿ ಪರದೆಗೆ ಬೆಂಕಿ ಹತ್ತಬಹುದು. ಒಂದೊಂದು ಸಾಮಾನಿನ ಅಡಿಗೂ ಮೂರು ಚುಕ್ಕೆ ಜೇನುಮೇಣ ಅಂಟಿಸಿದ್ದೇನೆ. ಬಾಗಿಲು ದಡಾರನೆ ಹಾಕಿದರೂ ಜಾರುವುದಿಲ್ಲ.

ಕನ್ನಡಿಗೆ ಗಾರೆ ಗೋಡೆಯಲ್ಲಿ ಮೊಳೆ ನಿಲ್ಲಲಿಲ್ಲ, ಪುಡಿ ಉದುರುತ್ತಿತ್ತು. ಆಚಾರ್ರು ತೂತು ಕೊರೆದು ಗಟ್ಟಿ ಮರದ ಗೂಟ ಬಡಿದು, ಅದಕ್ಕೆ ತಿರುಪು ಹಾಕಿದರು. ಕಿಟಕಿಗೆ ನೇರ ಎದುರಿಗೆ ಹಾಕದೆ ಪಕ್ಕದ ಗೋಡೆಗೆ ಹಾಕಿದ್ದು ಒಳ್ಳೆಯದಾಯಿತು. ಕಣ್ಣು ಕುಕ್ಕುವುದಿಲ್ಲ, ಒಳಕೋಣೆಗೂ ಒಂದಷ್ಟು ಬೆಳಕು ಹೋಗುತ್ತದೆ. ಸೀಮೆಎಣ್ಣೆ ದೀಪಕ್ಕೆ ತೂತು ಕೊರೆಯದೆ, ಬತ್ತಿಯ ಭಾಗದ ಜಾಗದಲ್ಲಿ ಕೂರುವ ಒಂದು ಹೋಲ್ಡರ್ ಹಾಕಿಸಿ, 4 ವಾಟಿನ ಹಳದಿ ಎಲ್‌ಇಡಿ ಬಲ್ಬ್ ಹಾಕಿದೆವು. ಶೇಡ್ ಕಾಯುವುದಿಲ್ಲ. ಬತ್ತಿಯ ಭಾಗವನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆ, ಬೇಕಾದಾಗ ಮತ್ತೆ ಕೂರಿಸಬಹುದು. ಕುರ್ಚಿಗಳು ಗೋಡೆ ಬಿಟ್ಟು ಊಟದ ಮೇಜಿನ ಸುತ್ತ ಬಂದವು. ಮೇಜಿನ ಮೇಲೆ ಅಜ್ಜಿ ಹಾಕಿದ ಕ್ರೋಶಾ ಬಟ್ಟೆ. ಇನ್ನೇನೂ ಸೇರಿಸಲಿಲ್ಲ. ಜರತಾರಿ ಸೋಫಾ, ಚಿನ್ನದ ಬಣ್ಣದ ಚೌಕಟ್ಟು ತರೋಣ ಅಂತ ಯಜಮಾನರಿಗೆ ಆಸೆಯಿತ್ತು. ಕೆಂಪು ನೆಲ, ಬೆತ್ತ, ಗಾಜು ಈ ಮೂರಕ್ಕೆ ಅದು ಒಗ್ಗುವುದಿಲ್ಲ ಅಂತ ನನಗೆ ಖಚಿತವಾಗಿ ಅನ್ನಿಸಿತು.

ಹತ್ತು ಲೋಟಗಳು ಮಾತ್ರ ಯಾವ ಗೂಡಿಗೂ ಹೋಗಲಿಲ್ಲ. ಸಾದಾ ಗಾಜು, ಬಣ್ಣ ಬಳಿದಿಲ್ಲ, ಅಂಚು ಒಡೆದಿಲ್ಲ. ಅವು ಅಡುಗೆಮನೆಯ ಕಪಾಟಿನಲ್ಲಿವೆ.

ಈ ಸಲದ ರಾಮನವಮಿಗೆ ಮಾವನ ಮನೆಯವರೆಲ್ಲ ಬಂದಿದ್ದರು. ಬೆಲ್ಲ, ನಿಂಬೆಹಣ್ಣು, ಮೆಣಸು, ಏಲಕ್ಕಿ ಹಾಕಿ ಪಾನಕ ಮಾಡಿದ್ದೆ. ಆ ಲೋಟಗಳಿಗೇ ಸುರಿದೆ. ಒತ್ತುಗೆರೆಗಳ ನಡುವೆ ಪಾನಕದ ಬಣ್ಣ ಒಂದು ಕಡೆ ಜೇನು, ಒಂದು ಕಡೆ ಕಾಫಿ ಡಿಕಾಕ್ಷನ್ ಇದ್ದ ಹಾಗೆ ಕಾಣುತ್ತಿತ್ತು. ಅಮ್ಮನಿಗೆ ಈಗ 71 ವರ್ಷ. ಸ್ಟೀಲ್ ಲೋಟ ಹುಡುಕುತ್ತಾ ಒಳಗೆ ಹೊರಟಿದ್ದವರನ್ನು ಕೂರಿಸಿ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು, ತುಟಿ ತಾಗಿಸಿಯೇ ನಿಧಾನವಾಗಿ ಕುಡಿದರು. ತಳದಲ್ಲಿ ಉಳಿದಿದ್ದ ಮೆಣಸಿನ ಪುಡಿಯನ್ನು ಒಂದು ಸಲ ಅಲ್ಲಾಡಿಸಿ ಅದನ್ನೂ ಕುಡಿದರು. ಆಮೇಲೆ ಲೋಟವನ್ನು ನನ್ನ ಕಡೆ ಚಾಚಿ, "ಇನ್ನೊಂದು ಲೋಟ ಹಾಕು" ಅಂದರು.